ಲಾಂಗೀನಸ್‌ನ ಮುಖ ಒಡೆದವರು ಯಾರು? (ಹಳೇಮನೆ ಬಳಗ, ವಾಟ್ಸಾಪ್ ಗುಂಪು)

ವಾಸಣ್ಣ: (ಫಾರ್ವರ್ಡ್ ಆದದ್ದು, ಜೊತೆಗೆ ಫೋಟೊ) ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ ಸಿಕ್ಕ ರೋಮನ್ ಸೈನಿಕ ಲಾಂಗೀನಸ್‌ನ ಗೋರಿಕಲ್ಲು. ಕುದುರೆ ಮೇಲೆ ಕೂತವನಿಗೆ ಮುಖವೇ ಇಲ್ಲ! ಅಲ್ಲಿನ ರಾಣಿ ಬೂಡಿಕಾಳ ಜನ ರೋಮನ್ನರ ವಿರುದ್ಧ ದಂಗೆ ಎದ್ದಾಗ ಸಿಟ್ಟಿನಿಂದ ಕೊಚ್ಚಿ ಹಾಕಿದ್ದು. ಮನುಷ್ಯ ಸುಳ್ಳು ಹೇಳಬಹುದು, ಕಲ್ಲು ಹೇಳಲ್ಲ. ಎಲ್ಲರಿಗೂ ಹಂಚಿ 🙏

ಗೀತತ್ತೆ: 👌👌 ಎಂಥಾ ಹೆಂಗಸು!

ಸುಧಾ: ವಾಸಣ್ಣ, ಇದು ಹಳೇ ಫೋಟೊ, ಹಳೇ ಕಥೆ. ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಈ ಕಲ್ಲನ್ನು ಅಲ್ಲಿನ ಕೋಟೆಯ ಮ್ಯೂಸಿಯಂನಲ್ಲಿ ನೋಡಿ ಬಂದಿದ್ದೇನೆ. 1928ರಲ್ಲಿ ಸಿಕ್ಕಾಗ ಮುಖ ಇರಲಿಲ್ಲ ನಿಜ, ಅದಕ್ಕೇ ಎಲ್ಲರೂ ಬೂಡಿಕಾ ತಲೆಗೆ ಕಟ್ಟಿದರು. ಆಮೇಲೆ 1996ರಲ್ಲಿ ಅದೇ ಜಾಗ ಮತ್ತೆ ಅಗೆದಾಗ ಮುಖದ ಚೂರು ಸಿಕ್ಕಿತು. 1928ರಲ್ಲಿ ಕಲ್ಲು ಎತ್ತಿದವರ ಕೈಯಲ್ಲೇ ಒಡೆದು ಚೂರು ಮಣ್ಣಲ್ಲಿ ಉಳಿದಿರಬೇಕು ಅನ್ನುತ್ತಾರೆ ಈಗ.

ವಾಸಣ್ಣ: ಚೂರು ಅಲ್ಲೇ ಸಿಕ್ಕಿದರೆ ದಂಗೆಯಲ್ಲಿ ಒಡೆದಿಲ್ಲ ಅಂತ ಹೇಗಾಗುತ್ತೆ? ಒಡೆದವರು ಮೂಗು ಬಾಯಿ ಜೇಬಿಗೆ ಹಾಕಿಕೊಂಡು ಹೋಗ್ತಾರಾ 😄

ಸುಧಾ: ಸರಿ, ಆ ಪ್ರಶ್ನೆ ಸರಿಯಾಗಿದೆ. ಆದರೆ ಅದೇ ಊರಲ್ಲಿ 1868ರಲ್ಲಿ ಸಿಕ್ಕ ಇನ್ನೊಂದು ಕಲ್ಲಿದೆ, ಮಾರ್ಕಸ್ ಫವೋನಿಯಸ್ ಫಾಸಿಲಿಸ್ ಅಂತ, 20ನೇ ಲೀಜನ್ ಅನ್ನೋ ರೋಮನ್ ದಳದ ಸೆಂಚೂರಿಯನ್. ಅಂದರೆ ಅಧಿಕಾರಿ. ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಬೆತ್ತ ಹಿಡಿದು ನಿಂತಿದ್ದಾನೆ, ಅದು ಸೈನಿಕರಿಗೆ ಬಾರಿಸೋಕೆ ಇಟ್ಟುಕೊಳ್ಳುತ್ತಿದ್ದ ಬೆತ್ತ. ಅವನ ಮುಖ ಚೆನ್ನಾಗೇ ಇದೆ. ಸಿಟ್ಟು ಬಂದವರು ಬೆತ್ತದವನನ್ನು ಬಿಟ್ಟು ಕುದುರೆಯವನ ಮುಖ ಮಾತ್ರ ಒಡೀತಾರಾ?

ಗೀತತ್ತೆ: ಮುಖ ಯಾರೇ ಒಡೆದಿರಲಿ, ಸಿಟ್ಟಂತೂ ಸುಳ್ಳಲ್ಲ. ಆ ಊರಲ್ಲಿ ರಿಟೈರಾದ ಸೈನಿಕರಿಗೆ ನೆಲ ಕೊಟ್ಟಿದ್ದರು, ಅವರು ಅಲ್ಲಿನವರನ್ನು ಮನೆ ಹೊಲ ಬಿಡಿಸಿ ಓಡಿಸಿದರು ಅಂತ ರೋಮಿನವನೇ ಆದ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಶ. 60-61ರಲ್ಲಿ ಊರು ಸುಟ್ಟಿದ್ದು ಸುಮ್ನೆ ಅಲ್ಲ. ಮತ್ತೆ ಫೋಟೊದಲ್ಲಿ ಕುದುರೆ ಕಾಲಡಿ ಒಬ್ಬ ಬೆತ್ತಲೆ ಮನುಷ್ಯ ಮುದುಡಿಕೊಂಡಿದ್ದಾನಲ್ಲ, ಅವನನ್ನು ಯಾರೂ ಕೇಳಲ್ಲ?

ಕಿಟ್ಟಿ: ಕರೆಕ್ಟ್ ಅತ್ತೆ. ಮೇಲಿರೋನೂ ರೋಮಿನವನಲ್ಲ, ಅದು ಇನ್ನೊಂದು ತಮಾಷೆ. ಬರಹದಲ್ಲಿ ಲಾಂಗೀನಸ್, ಮಾಟಿಗಸ್‌ನ ಮಗ, ಊರು ಸರ್ದಿಕಾ ಅಂತಿದೆ. ಸರ್ದಿಕಾ ಅಂದರೆ ಈಗಿನ ಬಲ್ಗೇರಿಯಾದ ಸೋಫಿಯಾ.

ವಾಸಣ್ಣ: ಮಿಲಿಟರಿ ವಿಷಯ, ದೊಡ್ಡಪ್ಪ ಹೇಳಲಿ. ನೋಡಿದ್ದೀರಾ ದೊಡ್ಡಪ್ಪ?

ದೊಡ್ಡಪ್ಪ: ನೋಡಿದೆ. ಸುಧಾ, ಅದರಲ್ಲಿ ಬರೆದದ್ದನ್ನು ಪೂರ್ತಿ ಕನ್ನಡದಲ್ಲಿ ಹಾಕಮ್ಮ. ಮುಖದ ಜಗಳ ಆಮೇಲೆ.

ಸುಧಾ: "ಲಾಂಗೀನಸ್ ಸ್ದಾಪೆಜೆ, ಮಾಟಿಗಸ್‌ನ ಮಗ, ಥ್ರೇಸಿಯನ್ನರ ಒಂದನೇ ಕುದುರೆ ಪಡೆಯ ಡೂಪ್ಲಿಕೇರಿಯಸ್, ಸರ್ದಿಕಾ ಸೀಮೆಯವನು, ವಯಸ್ಸು 40, ಸಂಬಳ 15. ಉಯಿಲಿನ ಪ್ರಕಾರ ವಾರಸುದಾರರು ಮಾಡಿಸಿದ್ದು. ಇಲ್ಲಿ ಮಲಗಿದ್ದಾನೆ." ಸಂಬಳ 15 ಅಂದರೆ 15 ವರ್ಷದ ಸರ್ವಿಸ್. ಡೂಪ್ಲಿಕೇರಿಯಸ್ ಅಂದರೆ ಎರಡು ಪಟ್ಟು ಸಂಬಳದವನು. ಥ್ರೇಸಿಯನ್ನರು ಅಂದರೆ ಸರ್ದಿಕಾ ಕಡೆಯ ಜನ.

ದೊಡ್ಡಪ್ಪ: ಇದು ನಮ್ಮ ಡಿಸ್ಚಾರ್ಜ್ ಬುಕ್ಕಿನ ಹಾಗೇ ಇದೆಯಲ್ಲ. ಹೆಸರು, ತಂದೆ ಹೆಸರು, ಯೂನಿಟ್, ರ್‍ಯಾಂಕ್, ಊರು, ವಯಸ್ಸು, ಸರ್ವಿಸ್, ಕೊನೆಗೆ ನಾಮಿನಿ. ಲೆಕ್ಕ ಹಾಕಿ ನೋಡಿ. 25ಕ್ಕೆ ಸೇರಿದ್ದಾನೆ. ಇವನ ಹಾಗೆ ರೋಮಿನವರಲ್ಲದ ಪಡೆಯವರಿಗೆ 25 ವರ್ಷ ಮುಗಿಸಿದರೆ ರೋಮಿನ ನಾಗರಿಕತ್ವ ಸಿಗುತ್ತಿತ್ತು ಅಂತ ಓದಿದ ನೆನಪು. ಅಂದರೆ ಇನ್ನೂ 10 ಬಾಕಿ ಇತ್ತು. ಸೋಫಿಯಾದಿಂದ ಇಂಗ್ಲೆಂಡಿನವರೆಗೆ ಬಂದು, ಡಬಲ್ ಸಂಬಳಕ್ಕೆ ಏರಿ, ಅಸಲು ವಸ್ತು ಕೈಗೆ ಬರೋ ಮೊದಲೇ ಹೋದ. ನೀವೆಲ್ಲ ಮೂಗು ಯಾರು ಒಡೆದರು ಅಂತ ಕೂತಿದ್ದೀರಿ. ಕಲ್ಲಿಗೆ ದುಡ್ಡು ಹಾಕಿದ್ದು ನಾಮಿನಿಗಳು, ಉಯಿಲು ಬರೆದದ್ದು ಇವನು. ಹಾಗಾಗಿ ಮೇಲಿನ ಚಿತ್ರ ಜಂಭದ್ದು, ಅದನ್ನು ಅರ್ಧ ನಂಬಿ. ಕೆಳಗಿನ ಲೆಕ್ಕ ಪೂರ್ತಿ ನಂಬಬಹುದು.

ಕಿಟ್ಟಿ: 40 ಅನ್ನೋದನ್ನು ನಂಬಬೇಡಿ ದೊಡ್ಡಪ್ಪ. ರೋಮನ್ ಗೋರಿಕಲ್ಲುಗಳಲ್ಲಿ 5ಕ್ಕೋ ಸೊನ್ನೆಗೋ ಮುಗಿಯುವ ವಯಸ್ಸೇ ಜಾಸ್ತಿ. ಎಷ್ಟೋ ಜನಕ್ಕೆ ತಮ್ಮ ವಯಸ್ಸೇ ಸರಿಯಾಗಿ ಗೊತ್ತಿರಲಿಲ್ಲ.

ದೊಡ್ಡಪ್ಪ: ನನ್ನ ಹುಟ್ಟಿದ ದಿನವೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ. ಆದರೆ ಸರ್ವಿಸ್ ಒಂದು ದಿನ ಆಚೀಚೆ ಆಗಲ್ಲ, ಅದನ್ನು ಸಂಬಳ ಕೊಡೋರು ಎಣಿಸುತ್ತಾರೆ.

ಕಿಟ್ಟಿ: 15 ಕೂಡ 5ಕ್ಕೇ ಮುಗಿಯುತ್ತೆ 🤭

ದೊಡ್ಡಪ್ಪ: ಕಿಟ್ಟಿ, ನಿನ್ನ ಪರೀಕ್ಷೆ ಯಾವಾಗ?

ಗೀತತ್ತೆ: 😂 ವಾರಸುದಾರರು ಅಂದರೆ ಹೆಂಡತಿ ಮಕ್ಕಳಾ?

ಸುಧಾ: ಹೇಳಿಲ್ಲ ಅತ್ತೆ. ಸರ್ವಿಸಿನಲ್ಲಿ ಇರುವಾಗ ಸೈನಿಕರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಸುಮಾರು 200 ವರ್ಷ ಹಾಗೇ ನಡೆಯಿತು. ಸಂಸಾರ ಇದ್ದರೂ ಕಾಗದದಲ್ಲಿ ಇಲ್ಲ. ಫಾಸಿಲಿಸ್‌ಗೆ ಕಲ್ಲು ಹಾಕಿಸಿದ್ದು ಅವನು ಬಿಡುಗಡೆ ಮಾಡಿದ ಇಬ್ಬರು ಗುಲಾಮರು. 2005ರಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಸಿಕ್ಕಿದ್ದು ಇನ್ನೂ ಭಯಂಕರ, ಇನ್ಸಸ್ ಅಂತ ಕುದುರೆ ಸವಾರ, ಕೈಯಲ್ಲಿ ಶತ್ರುವಿನ ಕಡಿದ ತಲೆ! ಆ ಕಲ್ಲು ಹಾಕಿಸಿದವಳು ಡೊಮಿಟಿಯಾ. ವಾರಸುದಾರಳು ಅಂತಷ್ಟೇ ಇದೆ.

ಗೀತತ್ತೆ: ಹೆಂಡತೀನೇ. ಸಂಶಯವೇ ಬೇಡ. ಗಂಡ ತಲೆ ಕಡಿಯೋ ಚಿತ್ರಕ್ಕೆ ಇನ್ಯಾರು ದುಡ್ಡು ಕೊಡ್ತಾರೆ.

ವಾಸಣ್ಣ: ಒಟ್ಟಿನಲ್ಲಿ ನಮ್ಮ ವೀರಗಲ್ಲೇ ತಾನೇ ಇದು?

ಕಿಟ್ಟಿ: ಅಲ್ಲ ವಾಸಣ್ಣ. ವೀರಗಲ್ಲು ಹೇಗೆ ಸತ್ತ ಅನ್ನೋದಕ್ಕೇ ಇರೋದು. ತುರು ಕಾದು ಸತ್ತ, ಊರು ಉಳಿಸಿ ಸತ್ತ. ಇವರು ಎಷ್ಟು ವರ್ಷ ದುಡಿದ ಅಂತ ಬರೀತಾರೆ, ಹೇಗೆ ಸತ್ತ ಅನ್ನೋದು ಬಹಳಷ್ಟು ಕಲ್ಲುಗಳಲ್ಲಿ ಇರೋದೇ ಇಲ್ಲ.

ದೊಡ್ಡಪ್ಪ: ಜ್ವರ, ಭೇದಿ. ಅದನ್ನು ಯಾರು ಕಲ್ಲಲ್ಲಿ ಕೆತ್ತಿಸ್ತಾರೆ.

ಸುಧಾ: ಕೆಲವರದ್ದಿದೆ ದೊಡ್ಡಪ್ಪ. ಚೆಸ್ಟರ್‌ನಲ್ಲಿ ಒಂದು ಕಲ್ಲಿನ ಮೇಲ್ಭಾಗ ಹೋಗಿ ಹೆಸರೇ ಕಳೆದಿದೆ. ಸೆಂಚೂರಿಯನ್ ಆಗೋಕೆ ಸರದಿಯಲ್ಲಿದ್ದ ಆಪ್ಟಿಯೋ, ಅಂದರೆ ಸೆಂಚೂರಿಯನ್ನನ ಕೈಕೆಳಗಿನವನು, ಹಡಗು ಒಡೆದು ಸತ್ತ ಅಂತಿದೆ. ಬೇರೆ ಕಲ್ಲುಗಳ ಕೊನೆಗೆ ಮೂರು ಅಕ್ಷರ ಬರುತ್ತೆ, ಎಚ್ ಎಸ್ ಇ. "ಇಲ್ಲಿ ಮಲಗಿದ್ದಾನೆ" ಅಂತ ಅರ್ಥ. ಎಚ್ ಅಂದರೆ "ಇಲ್ಲಿ". ಚೆಸ್ಟರ್‌ನ ಆ ಕಲ್ಲಲ್ಲಿ ಎಸ್ ಇ ಮಾತ್ರ ಕೆತ್ತಿ ಎಚ್‌ಗೆ ಜಾಗ ಬಿಟ್ಟಿದ್ದಾರೆ. ದೇಹ ಸಿಕ್ಕಿದರೆ ಕೆತ್ತೋಣ ಅಂತ.

ವಾಸಣ್ಣ: ಅಯ್ಯೋ.

ದೊಡ್ಡಪ್ಪ: ಆ ಜಾಗ ಈಗಲೂ ಖಾಲಿನಾ?

ಸುಧಾ: ಹೂಂ, ಖಾಲಿ.

ವಾಸಣ್ಣ: ಸುಧಾ, ಅದರ ಫೋಟೊ ಇದ್ದರೆ ಹಾಕು. ಇದನ್ನು ಡಿಲೀಟ್ ಮಾಡ್ತೀನಿ.

ಗೀತತ್ತೆ: ಮಾಡಬೇಡ, ಕುದುರೆ ಕೆಳಗಿನವನನ್ನು ನಾನಿನ್ನೂ ಸರಿಯಾಗಿ ನೋಡಿಲ್ಲ.