ಸ್ವಭಾವ ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು?

ಪ್ರಶ್ನೆ:
ಅಕ್ಕನ ಬೈಪೋಲಾರ್ ಕಾಯಿಲೆಯ (ಅತಿ ಹುರುಪಿನ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆ) ಬಗ್ಗೆ, ಅವಳ ಒಪ್ಪಿಗೆ ಪಡೆದು, ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ಎದ್ದು, ಕಪಾಟಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದು, ಬಣ್ಣಬಣ್ಣವಾಗಿ ವಿಂಗಡಿಸಿ ಬೆಳಗಿನವರೆಗೂ ಮಡಿಸುತ್ತ ಕೂರುತ್ತಿದ್ದ ಅವಳ ಚಿತ್ರವನ್ನು ಉನ್ಮಾದದ ಅಧ್ಯಾಯದಲ್ಲಿ ಇಟ್ಟಿದ್ದೆ. ಹಸ್ತಪ್ರತಿ ಓದಿದ ಅವಳು, "ಅದು ಕಾಯಿಲೆಯಲ್ಲ ಕಣೋ, ನಾನು ಮೊದಲಿನಿಂದಲೂ ಹೀಗೇ" ಎಂದಳು. ಇಂಥ ಪುಸ್ತಕಗಳನ್ನು ಬರೆದವರು ಈ ಗೆರೆಯನ್ನು ಹೇಗೆ ಎಳೆದಿರಿ?

ಉತ್ತರ 1:
ನನ್ನ ಖಿನ್ನತೆಯ ಬಗ್ಗೆ ಬರೆಯುವಾಗ ನನಗೂ ಇದೇ ತೊಡಕು ಎದುರಾಗಿತ್ತು. ಬೈಪೋಲಾರ್ ಕಾಯಿಲೆಯಿದ್ದ ಅಮೆರಿಕದ ಲೇಖಕಿ ಕೇ ರೆಡ್‌ಫೀಲ್ಡ್ ಜೇಮಿಸನ್ ಸ್ವತಃ ಮನಶ್ಶಾಸ್ತ್ರಜ್ಞೆ. ಆದರೂ ಉನ್ಮಾದದ ಹುರುಪನ್ನು ಕಳೆದುಕೊಳ್ಳಲು ಮನಸ್ಸಾಗದೆ ಆ ಏರಿಳಿತವನ್ನು ತಡೆಯುವ ಔಷಧಿಯಾದ ಲಿಥಿಯಂ ಸೇವನೆಯನ್ನು ತಾವು ಎಷ್ಟು ವಿರೋಧಿಸಿದೆವೆಂಬುದನ್ನು 1995ರ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಾಯಿಲೆಯನ್ನು ಶಾಸ್ತ್ರವಾಗಿ ಬಲ್ಲವರಿಗೇ ಅದರಿಂದ ತಮ್ಮನ್ನು ಬಿಡಿಸಿಕೊಂಡು ನೋಡುವುದು ಇಷ್ಟು ಕಷ್ಟವಾಗಿರುವಾಗ, ನಿಮ್ಮ ಅಕ್ಕನ ಮಾತನ್ನು ಬರಿಯ ನಿರಾಕರಣೆಯೆಂದು ತಳ್ಳಿಹಾಕಬೇಡಿ.

ಉತ್ತರ 2:
ವ್ಯಕ್ತಿತ್ವದ ತೊಂದರೆಗಳ, ಅಂದರೆ ಸ್ವಭಾವವೇ ಬಾಳಿಗೆ ತೊಡಕಾಗುವ ಸ್ಥಿತಿಗಳ, ಬಗ್ಗೆ ಪುಸ್ತಕ ಬರೆದವಳಾಗಿ ನನ್ನ ಅನುಭವ ಸ್ವಲ್ಪ ಬೇರೆ. ಅಮೆರಿಕದ ಮನೋವೈದ್ಯರ ಕೈಪಿಡಿಯು 1980ರಲ್ಲಿ ವ್ಯಕ್ತಿತ್ವದ ತೊಂದರೆಗಳನ್ನು ಇತರ ಮನೋರೋಗಗಳಿಂದ ಬೇರ್ಪಡಿಸಿ ಪ್ರತ್ಯೇಕ ಅಕ್ಷದಲ್ಲಿ, ಅಂದರೆ ಬೇರೆಯೇ ವಿಭಾಗದಲ್ಲಿ, ಇಟ್ಟಿತು. 2013ರ ಆವೃತ್ತಿಯಲ್ಲಿ ಆ ವಿಂಗಡಣೆಯನ್ನೇ ಕೈಬಿಟ್ಟಿತು. ವೈದ್ಯರೇ ಅಳಿಸಿದ ಗೆರೆಯನ್ನು ಲೇಖಕರು ಗಟ್ಟಿಯಾಗಿ ಎಳೆಯಬೇಕಾಗಿಲ್ಲ. ಆದರೂ ವಿಚಾರಿಸಿ ತಿಳಿಯಬಹುದಾದ ಸಂಗತಿಗಳು ಇದ್ದೇ ಇವೆ. ಸ್ವಭಾವವು ವರ್ಷಗಟ್ಟಲೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಉನ್ಮಾದಕ್ಕೆ ಒಂದು ಆರಂಭವಿರುತ್ತದೆ, ಸಾಮಾನ್ಯವಾಗಿ ಒಂದು ವಾರಕ್ಕೂ ಹೆಚ್ಚು ಕಾಲ ಅದು ಬಿಡದೆ ಹಿಡಿದಿರುತ್ತದೆ, ಮತ್ತು ಆಗ ನಿದ್ದೆ ಬಾರದಿರುವುದಕ್ಕಿಂತ ನಿದ್ದೆಯ ಅಗತ್ಯವೇ ಕಡಿಮೆಯಾಗಿರುತ್ತದೆ. ಬಟ್ಟೆ ಮಡಿಸಿದ ಮರುದಿನ ಅವರಿಗೆ ಆಯಾಸವಾಗುತ್ತಿತ್ತೇ ಎಂದು ಕೇಳಿ ನೋಡಿ.

ಉತ್ತರ 3:
ಉತ್ತರ ಏನೇ ಬಂದರೂ ಅಕ್ಕನ ಆ ಒಂದು ವಾಕ್ಯವನ್ನು ಪುಸ್ತಕದಿಂದ ತೆಗೆಯಬೇಡಿ. ನನ್ನ ಪುಸ್ತಕದಲ್ಲಿ ತಮ್ಮನ ಇಂಥದೇ ತಕರಾರನ್ನು ಸಂಪಾದಕರ ಮಾತು ಕೇಳಿ ಬಿಟ್ಟುಬಿಟ್ಟೆ. ಇಂದಿಗೂ ಆ ಪುಟ ತೆರೆದಾಗ ಅವನ ಬಾಯಿಗೆ ಕೈ ಅಡ್ಡ ಹಿಡಿದಂತೆ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ಅಕ್ಕನನ್ನು ಕೇಳಿದೆ. ಹಾಗೆ ಮಡಿಸಿದ ಬಹುತೇಕ ದಿನಗಳಲ್ಲಿ ಮಧ್ಯಾಹ್ನದವರೆಗೂ ಮಲಗಿಬಿಡುತ್ತಿದ್ದಳಂತೆ. ಒಂದು ಸಲ ಮಾತ್ರ ಎಂಟು ದಿನ ದಿನಕ್ಕೆ ಎರಡು ಗಂಟೆ ಮಲಗಿದರೂ ಸುಸ್ತೇ ಆಗಲಿಲ್ಲ ಎಂದು, ಬಹಳ ಹೊತ್ತು ಸುಮ್ಮನಿದ್ದು, ತಾನಾಗಿಯೇ ಹೇಳಿದಳು. ಆ ಎಂಟು ದಿನಗಳನ್ನು ಉನ್ಮಾದದ ಅಧ್ಯಾಯದಲ್ಲಿ ಉಳಿಸಿಕೊಂಡು, ಉಳಿದ ರಾತ್ರಿಗಳನ್ನು ಅವಳ ಬಾಲ್ಯದ ಅಧ್ಯಾಯದ ಪಕ್ಕಕ್ಕೆ ತರುತ್ತಿದ್ದೇನೆ.