ಕೊಡಗಿನ ಕಾಡಿನೊಳಗಿನ ಆಯುರ್ವೇದ ರಿಟ್ರೀಟ್: ಮಳೆಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಬಸವನಗುಡಿಯ ಮಗಳು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ. ಮಂಡಿನೋವು ಹಳೆಯದು, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ನನಗೆ ಕಾಯಿಲೆ ಎಂದು ಹೇಳುವಂಥದ್ದೇನೂ ಇಲ್ಲ, ನಿದ್ದೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ಅಮೆರಿಕದಲ್ಲಿರುವ ಅಣ್ಣ ಹಣ ಕಳುಹಿಸಿ, ಇಬ್ಬರೂ ಎಲ್ಲಾದರೂ ಒಳ್ಳೆಯ ಕಡೆ ಹೋಗಿ ದೇಹ ಸರಿಮಾಡಿಕೊಂಡು ಬನ್ನಿ ಎಂದಿದ್ದಾನೆ.

ನೋಡಿಟ್ಟಿರುವುದು ವಿರಾಜಪೇಟೆ ಕಡೆಯ ಒಂದು ರಿಟ್ರೀಟ್. ಮುಖ್ಯರಸ್ತೆಯಲ್ಲಿ ನಮ್ಮ ಕಾರು ಬಿಟ್ಟು, ಅವರ ಜೀಪಿನಲ್ಲಿ ಕಾಡಿನೊಳಗೆ ಹೋಗಬೇಕು. ಪ್ರತಿ ಕುಟೀರಕ್ಕೂ ಸ್ವಂತ ಈಜುಕೊಳ, ಮಲಗುವ ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಏಳು ರಾತ್ರಿಯ 'ಪಂಚಕರ್ಮ ಪ್ಯಾಕೇಜ್', ಆಷಾಢಕ್ಕೆಂದು ಶೇ 30 ರಿಯಾಯಿತಿ. ಅದನ್ನು ಕಳೆದ ಮೇಲೂ ಇಬ್ಬರಿಗೆ ಸೇರಿ ದಿನಕ್ಕೆ 38 ಸಾವಿರ ರೂಪಾಯಿ, ತೆರಿಗೆ ಬೇರೆ. ಅಮ್ಮನಿಗೆ ಬೆಲೆ ಹೇಳಿಲ್ಲ. ಹೇಳಿದರೆ ಗಾಂಧಿ ಬಜಾರ್ ದಾಟಿ ಒಂದು ಹೆಜ್ಜೆ ಬರುವುದಿಲ್ಲ.

ಏಳು ದಿನ ಸಾಕೇ? ಮಂಡಿಗೆ ನಿಜವಾಗಿಯೂ ಉಪಯೋಗವಾಗುತ್ತದೆಯೇ? ಮಳೆ, ಹಾವು, ಇಂಬಳ (ರಕ್ತ ಹೀರುವ ಜಿಗಣೆ) ಎಂದು ಹೆದರಬೇಕೇ? ಆರೋಗ್ಯ ವಿಮೆಯಲ್ಲಿ ಏನಾದರೂ ವಾಪಸ್ ಬರುತ್ತದೆಯೇ? ಹೋಗಿ ಬಂದವರು ಅಥವಾ ಆ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ.

ಧಾರವಾಡದ ಪಿಂಚಣಿದಾರ ಉತ್ತರ:

ಮಗ ಕಳುಹಿಸಿದ್ದರಿಂದ ನಾವು ದಂಪತಿ ಇಂಥದೇ ಒಂದು ಕಡೆ ಹೋಗಿದ್ದೆವು, ಚಿಕ್ಕಮಗಳೂರಿನ ಹತ್ತಿರ. ಕಾಡಿನಲ್ಲಿ ಮೌನವಿರುತ್ತದೆ ಎಂದು ಯಾರು ಹೇಳಿದರೋ. ಹೊತ್ತು ಮುಳುಗಿದ ಮೇಲೆ ಜೀರುಂಡೆ, ಆಮೇಲೆ ಕಪ್ಪೆ, ಬೆಳಗಿನ ಜಾವ ಹೆಸರು ಗೊತ್ತಿಲ್ಲದ ಒಂದು ಹಕ್ಕಿ. ಆದರೂ ಒಂಬತ್ತಕ್ಕೆ ನಿದ್ದೆ ಬರುತ್ತಿತ್ತು. ಊಟ ಸಪ್ಪೆ. ಮೂರನೆಯ ದಿನ ನಾನು ಜೋಳದ ರೊಟ್ಟಿ ಸಿಗಬಹುದೇ ಎಂದು ಕೇಳಿದ್ದಕ್ಕೆ ಅಡುಗೆಯ ಹುಡುಗ ನಕ್ಕು ರಾಗಿ ಗಂಜಿ ತಂದಿಟ್ಟ. ಇಳಿದ ತೂಕ ಮನೆಗೆ ಬಂದ ಮೇಲೆ ಏರಿತು. ಮನೆಯವರಿಗೆ ಮಾತ್ರ ಬಹಳ ಹಿಡಿಸಿತು. ಯಾರೋ ಮಾಡಿ ಬಡಿಸಿದ್ದನ್ನು ಅಷ್ಟು ದಿನ ಕುಳಿತು ಉಂಡದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದರು. ನಾನು ಸುಮ್ಮನಾದೆ. ಹಣವಿದ್ದರೆ ಹೋಗಿ ಬನ್ನಿ, ಹೆಚ್ಚು ಯೋಚಿಸಬೇಡಿ.

ಸಕಲೇಶಪುರದ ವೈದ್ಯೆ ಉತ್ತರ:

ಸ್ವಲ್ಪ ಯೋಚಿಸಿಯೇ ಹೋಗಿ ಎನ್ನುತ್ತೇನೆ. ನೀವು ಹೇಳಿದ ಜಾಗವಲ್ಲ, ಅಂಥದೇ ಇನ್ನೊಂದರಲ್ಲಿ ನಾನು ಕೆಲವು ಮಳೆಗಾಲ ನಿವಾಸಿ ವೈದ್ಯೆಯಾಗಿದ್ದೆ. ಈಗ ಸ್ವಂತ ಚಿಕಿತ್ಸಾಲಯವಿದೆ, ಆದ್ದರಿಂದ ಯಾರ ಹಂಗೂ ಇಲ್ಲದೆ ಬರೆಯುತ್ತಿದ್ದೇನೆ.

ಏಳು ರಾತ್ರಿಯಲ್ಲಿ ಪಂಚಕರ್ಮ ಆಗುವುದಿಲ್ಲ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಗುದದ ಮೂಲಕ ಔಷಧಿ ಕೊಡುವುದು), ನಸ್ಯ (ಮೂಗಿಗೆ ಔಷಧಿ ಹಾಕುವುದು), ರಕ್ತಮೋಕ್ಷಣ (ರಕ್ತ ಹೊರಬಿಡುವುದು) ಇವು ಐದು. ವಿರೇಚನವನ್ನೇ ತೆಗೆದುಕೊಳ್ಳಿ. ಮೊದಲು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಔಷಧಿ ತುಪ್ಪ ಕುಡಿಸಬೇಕು, ದಿನದಿನಕ್ಕೆ ಪ್ರಮಾಣ ಏರಿಸುತ್ತ. ಅದಕ್ಕೇ ಮೂರರಿಂದ ಏಳು ದಿನ ಹೋಗುತ್ತದೆ. ಆಮೇಲೆ ಎಣ್ಣೆ ಹಚ್ಚಿ ಬೆವರಿಳಿಸುವುದು, ಆಮೇಲೆ ಭೇದಿ ಮಾಡಿಸುವ ಔಷಧಿ, ಕೊನೆಗೆ ತಿಳಿಗಂಜಿಯಿಂದ ಶುರುಮಾಡಿ ಮೆಲ್ಲಗೆ ಅನ್ನಕ್ಕೆ ಮರಳುವ ಪಥ್ಯ. ಈ ಕೊನೆಯ ಭಾಗವೇ ಚಿಕಿತ್ಸೆಯ ಜೀವ. ಪ್ಯಾಕೇಜಿನವರು ಕೈಬಿಡುವುದೂ ಅದನ್ನೇ, ಏಕೆಂದರೆ ಅಷ್ಟು ದುಡ್ಡು ಕೊಟ್ಟವರ ಮುಂದೆ ತಿಳಿಗಂಜಿ ಇಡಲು ಯಾವ ವ್ಯವಸ್ಥಾಪಕನಿಗೂ ಧೈರ್ಯವಿಲ್ಲ. ನಮ್ಮಲ್ಲಿ ವಿರೇಚನ ಮುಗಿದ ಮರುದಿನವೇ ಒಬ್ಬರಿಗೆ ಹುಟ್ಟುಹಬ್ಬದ ಕೇಕ್ ಕಳುಹಿಸಿದ್ದರು. ನಾನು ಬಾಗಿಲಲ್ಲೇ ತಡೆದು ವಾಪಸ್ ಕಳುಹಿಸಿದೆ, ಸಂಜೆ ಕಚೇರಿಯಲ್ಲಿ ಜಗಳವಾಯಿತು.

ಕಾಲದ ವಿಷಯ. ಸ್ವಸ್ಥರಿಗೆ ಋತುವಿಗೆ ತಕ್ಕಂತೆ ಮಾಡುವ ಶೋಧನದಲ್ಲಿ, ಅಂದರೆ ದೇಹಶುದ್ಧಿಯಲ್ಲಿ, ವಸಂತಕ್ಕೆ ವಮನ, ವರ್ಷಋತುವಿಗೆ ಬಸ್ತಿ, ಶರತ್ತಿಗೆ ವಿರೇಚನ ಎಂಬುದು ಶಾಸ್ತ್ರ. ಮಳೆಗಾಲದಲ್ಲಿ ವಾತ ಕೆರಳುತ್ತದೆ, ಜಠರಾಗ್ನಿ ಕುಂದುತ್ತದೆ. ಕೇರಳದಲ್ಲಿ ಕರ್ಕಾಟಕ ಮಾಸದ ಚಿಕಿತ್ಸೆಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಆದರೆ ನಿಮಗೆ ಸಿಕ್ಕಿರುವ ಶೇ 30 ರಿಯಾಯಿತಿಗೆ ಕಾರಣ ಶಾಸ್ತ್ರವಲ್ಲ, ಖಾಲಿ ಕುಟೀರಗಳು.

ಅಮ್ಮನ ಮಂಡಿಗೆ ಏಳು ದಿನದಲ್ಲಿ ಮಾಡಬಹುದಾದದ್ದು ಇದೆ: ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಜಾನುಬಸ್ತಿ, ಸೊಪ್ಪಿನ ಗಂಟಿನ ಶಾಖ, ಹದವಾದ ಅಭ್ಯಂಗ, ಅಂದರೆ ಎಣ್ಣೆ ಹಚ್ಚಿ ತಿಕ್ಕುವುದು. ಅಲ್ಲಿನ ವೈದ್ಯರಿಗೆ ಸರಿಯೆನಿಸಿದರೆ ಸಣ್ಣ ಪ್ರಮಾಣದ ಎಣ್ಣೆಯ ಬಸ್ತಿ. ನೋವು, ಬಿಗಿತ ಕೆಲವು ವಾರ ಕಡಿಮೆಯಾಗಬಹುದು. ಕೀಲಿನ ಸವೆದ ಮೃದ್ವಸ್ಥಿ (ಮೆತ್ತನೆಯ ಎಲುಬು) ಮರಳಿ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮ ಪದವಿಯವರೇ ಹೇಳಿದರೂ.

ಸಕ್ಕರೆಯ ಮಾತ್ರೆ ಯಾವುದು ಎಂದು ನೋಡಿ. ಬರೀ ಮೆಟ್‌ಫಾರ್ಮಿನ್ ಆದರೆ ಅಷ್ಟು ಭಯವಿಲ್ಲ. ಗ್ಲಿಮೆಪಿರೈಡ್ ತರಹದ್ದಿದ್ದು, ಅಲ್ಲಿ ಊಟ ಅರ್ಧಕ್ಕರ್ಧ ಇಳಿದರೆ ಸಕ್ಕರೆ ತೀರಾ ಕುಸಿಯಬಹುದು. ಮಾತ್ರೆಯ ಪ್ರಮಾಣ ಬದಲಿಸುವವರು ಅದನ್ನು ಬರೆದುಕೊಟ್ಟ ವೈದ್ಯರೇ ಆಗಿರಲಿ. 'ಇಲ್ಲಿರುವಷ್ಟು ದಿನ ಇಂಗ್ಲಿಷ್ ಔಷಧಿ ನಿಲ್ಲಿಸಿ' ಎಂದು ಹೇಳುವ ಜಾಗವಾದರೆ ಸಾಮಾನು ಬಿಚ್ಚುವ ಮೊದಲೇ ಹೊರಡಿ.

ನಿಮ್ಮ ನಿದ್ದೆ. ಹಣೆಯ ಮೇಲೆ ಎಣ್ಣೆಯನ್ನು ಧಾರೆಯಾಗಿ ಸುರಿಯುವ ಶಿರೋಧಾರೆ ಹಿತವಾಗಿರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನನ್ನ ಅತಿಥಿಗಳಿಗೆ ನಿದ್ದೆ ತಂದದ್ದು ಬಹುಮಟ್ಟಿಗೆ ಸಿಗ್ನಲ್ ಇಲ್ಲದ ಮೊಬೈಲ್, ಏಳಕ್ಕೆ ಮುಗಿಯುವ ರಾತ್ರಿಯೂಟ ಮತ್ತು ಕಾಫಿ ಇಲ್ಲದಿರುವುದು. ಹೌದು, ಕಾಫಿ ನಾಡಿನ ನಡುವೆ ಕೂರಿಸಿ ಕಾಫಿ ಕೊಡುವುದಿಲ್ಲ. ಎರಡನೆಯ ದಿನ ಬೆಂಗಳೂರಿನವರಿಗೆಲ್ಲ ತಲೆ ಸಿಡಿಯುತ್ತದೆ. 'ದೇಹದ ವಿಷ ಹೊರಹೋಗುತ್ತಿದೆ' ಎಂದು ಸ್ವಾಗತ ಮೇಜಿನ ಹುಡುಗಿ ಸಮಾಧಾನ ಹೇಳುತ್ತಾಳೆ. ವಿಷವೂ ಇಲ್ಲ, ಗಿಷವೂ ಇಲ್ಲ, ಕೆಫೀನ್ ತಪ್ಪಿದ ತಲೆನೋವು ಅದು. ಹೊರಡುವ ಒಂದು ವಾರ ಮೊದಲಿನಿಂದಲೇ ಲೋಟ ಚಿಕ್ಕದು ಮಾಡುತ್ತ ಬನ್ನಿ.

ಹಾವಿಗಿಂತ ನಾನು ಹೆದರುತ್ತಿದ್ದುದು ಎಣ್ಣೆ ಹಚ್ಚಿದ ಪಾದಕ್ಕೆ. ಈ ಜಾಗಗಳ ಚೆಲುವೆಲ್ಲ ಮರದ ಸೇತುವೆ, ಕಲ್ಲಿನ ಮೆಟ್ಟಿಲು, ತೆರೆದ ಸ್ನಾನದ ಮನೆ. ಮಳೆಗೆ ಅವುಗಳ ಮೇಲೆ ಪಾಚಿ ಕಟ್ಟುತ್ತದೆ. ಚಿಕಿತ್ಸೆಯ ಕೋಣೆಗೆ ಅತಿ ಹತ್ತಿರದ, ಮೆಟ್ಟಿಲಿಲ್ಲದ ಕುಟೀರ ಕೇಳಿ. ನೋಟ ಸ್ವಲ್ಪ ಕಡಿಮೆಯಾದರೆ ಆಗಲಿ.

ಎರಡನೆಯದು ದೂರ. ಒಂದು ರಾತ್ರಿ ಒಬ್ಬ ಹಿರಿಯರಿಗೆ ಎದೆನೋವು ಕಾಣಿಸಿತು. ಹೊರಟ ಜೀಪು ಅರ್ಧ ದಾರಿಯಲ್ಲಿ ನಿಂತಿತು, ರಸ್ತೆಗೆ ಅಡ್ಡಲಾಗಿ ಮರ. ತೋಟದ ಕೆಲಸದವರು ಗರಗಸ ತಂದು ಕೊಯ್ಯುವವರೆಗೆ ನಾನು ಟಾರ್ಚಿನ ಬೆಳಕಿನಲ್ಲಿ ಅವರ ನಾಡಿ ಹಿಡಿದು ಕುಳಿತಿದ್ದೆ. ಪುಣ್ಯಕ್ಕೆ ಅದು ಹೃದಯದ್ದಾಗಿರಲಿಲ್ಲ. ಆಸ್ಪತ್ರೆಗೆ ಎಷ್ಟು ಹೊತ್ತು, ಇನ್ನೊಂದು ದಾರಿ ಇದೆಯೇ, ವೈದ್ಯರು ರಾತ್ರಿ ಅಲ್ಲೇ ಉಳಿಯುತ್ತಾರೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ವಿಮೆಯ ಆಸೆ ಬಿಡಿ. ಸ್ಪಾ, ನೈಸರ್ಗಿಕ ಚಿಕಿತ್ಸಾ ಕೇಂದ್ರದಂಥ ಸ್ಥಳಗಳಲ್ಲಿ ಪಡೆದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆಯುಷ್ (ಆಯುರ್ವೇದದಂಥ ಪದ್ಧತಿಗಳ) ರಕ್ಷಣೆ ಎಂದು ಬರೆದಿರುವುದು ಹೆಚ್ಚಾಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದವರಿಗೆ.

ನನ್ನ ಅಭಿಪ್ರಾಯ ಕೇಳಿದರೆ, ಬುಕಿಂಗ್ ವಿಭಾಗದವರನ್ನು ಬಿಟ್ಟು ವೈದ್ಯರ ಜೊತೆ ಫೋನಿನಲ್ಲಿ ಮಾತನಾಡಿಸಲು ಹೇಳಿ. ಅವರು ನಿಮ್ಮಮ್ಮನ ಬಗ್ಗೆ ಪ್ರಶ್ನೆ ಕೇಳಿದರೆ ಹೋಗಿ. ಯಾರನ್ನೂ ನೋಡುವ ಮೊದಲೇ ಮೊದಲ ದಿನ ಇದು, ಎರಡನೆಯ ದಿನ ಅದು ಎಂದು ಪಟ್ಟಿ ಕಳುಹಿಸಿದರೆ ಅದು ಮಸಾಜಿನ ಅಂಗಡಿ. ಚಿಕಿತ್ಸೆಯೇ ಮುಖ್ಯವಾದರೆ ಹಾಸನ, ಉಡುಪಿಯ ಎಸ್‌ಡಿಎಂ ಆಯುರ್ವೇದ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಈಜುಕೊಳವಿಲ್ಲ, ಪಕ್ಕದ ಕೋಣೆಯವರ ಗೊರಕೆ ಕೇಳಿಸಬಹುದು, ಆದರೆ ಪಥ್ಯ ಮುಗಿಯುವವರೆಗೆ ಬಿಡುವುದಿಲ್ಲ.

ಅಮ್ಮತ್ತಿಯ ಬೆಳೆಗಾರ ಉತ್ತರ:

ವೈದ್ಯರು ಹೇಳಿದ್ದಕ್ಕೆ ಊರಿನವನಾಗಿ ಒಂದೆರಡು ಸೇರಿಸುತ್ತೇನೆ. ಚಿತ್ರದಲ್ಲಿ ಕಾಣುವ 'ದಟ್ಟ ಕಾಡು' ಬಹುತೇಕ ಕಡೆ ಹಳೆಯ ಕಾಫಿ, ಏಲಕ್ಕಿ ತೋಟ. ನೆರಳಿನ ಮರ ಕಡಿಯದೆ ಬಿಟ್ಟಿರುವುದರಿಂದ ಕಾಡಿನಂತೆಯೇ ಇರುತ್ತದೆ, ಅದರಲ್ಲಿ ಮೋಸವೇನಿಲ್ಲ. ಆದರೆ ಆನೆಗೂ ಅದು ಕಾಡೇ. ನಮ್ಮ ಕಡೆ ಕತ್ತಲಾದ ಮೇಲೆ ತೋಟದಲ್ಲಿ ಯಾರೂ ನಡೆದು ಹೋಗುವುದಿಲ್ಲ. ಮುಂಜಾನೆಯ ಮಂಜಿನಲ್ಲಿ ಒಬ್ಬರೇ ವಾಕಿಂಗ್ ಹೊರಡುವುದೂ ಬೇಡ, ಅವರ ಜನ ಜೊತೆಗಿರಲಿ.

ಇಂಬಳ ಕಚ್ಚಿದರೆ ಪ್ರಾಣ ಹೋಗುವುದಿಲ್ಲ, ರಕ್ತ ಮಾತ್ರ ನಿಲ್ಲದೆ ಸೋರುತ್ತದೆ. ಉದ್ದದ ಕಾಲುಚೀಲ ಹಾಕಿ, ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಅಮ್ಮ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹುಲ್ಲಿಗೇ ಇಳಿಸಬೇಡಿ.

ರಸ್ತೆಯ ಬಗ್ಗೆ. 2018ರ ಆಗಸ್ಟ್ ಕಂಡವರು ನಾವು. ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂದಿತ್ತು, ಮಡಿಕೇರಿ-ಸಂಪಾಜೆ ರಸ್ತೆ ಬಹಳ ಕಾಲ ಮುಚ್ಚಿತ್ತು. ನೀವು ಮೈಸೂರು ಕಡೆಯಿಂದ ಬರುವುದರಿಂದ ಘಟ್ಟ ಹತ್ತಬೇಕಾಗಿಲ್ಲ, ಆದರೂ ರೆಡ್ ಅಲರ್ಟ್ ಬಂದರೆ ದಿನಾಂಕ ಬದಲಿಸಲು ಒಪ್ಪುತ್ತಾರೆಯೇ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಕುಟೀರ ಇಳಿಜಾರನ್ನು ಕಡಿದು ಕಟ್ಟಿದ್ದೇ, ಸಮತಟ್ಟಿನಲ್ಲಿದೆಯೇ ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಈಜುಕೊಳದ ನೀರು ಬೆಚ್ಚಗಿರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ.

ಆಷಾಢಕ್ಕೆ ಬದಲು ನಮ್ಮ ಕೊಡಗಿನ ಕಕ್ಕಡ ತಿಂಗಳಲ್ಲಿ ಬಂದರೆ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ಆಗಸ್ಟ್ 3ರ ಆಸುಪಾಸಿನಲ್ಲಿ ನಿಮಗೆ ಮದ್ದುಸೊಪ್ಪಿನ ಪಾಯಸ ಸಿಗುತ್ತದೆ. ಕಕ್ಕಡದ ಹದಿನೆಂಟನೆಯ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಎಂಬುದು ನಮ್ಮ ನಂಬಿಕೆ. ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮರುದಿನ ಮೂತ್ರದ ಬಣ್ಣ ಬದಲಾದರೆ ಗಾಬರಿಯಾಗಬೇಡಿ, ಹೊರಗಿನಿಂದ ಬಂದವರು ಇದಕ್ಕೇ ಆಸ್ಪತ್ರೆಗೆ ಓಡಿದ್ದಾರೆ. ನಮ್ಮ ಬೇಲಿಯಲ್ಲಿ ಬೆಳೆಯುವ ಅದೇ ಸೊಪ್ಪನ್ನು ರೆಸಾರ್ಟಿನವರು ಮಣ್ಣಿನ ಬಟ್ಟಲಲ್ಲಿಟ್ಟು, ಮೇಲೆ ಹೂವಿನ ಎಸಳು ಉದುರಿಸಿ ಕೊಡುತ್ತಾರೆ. ಅದೇ ಹೊತ್ತಿಗೆ ನಾವು ಮನೆಯಲ್ಲಿ ಕಣಿಲೆ (ಎಳೆ ಬಿದಿರು), ಏಡಿ, ನಾಟಿಕೋಳಿ ತಿನ್ನುತ್ತಿರುತ್ತೇವೆ. ಮಳೆಗೆ ಮೈ ಬೆಚ್ಚಗಿರಬೇಕಲ್ಲ, ಗಂಜಿಯಿಂದ ಗದ್ದೆ ಕೆಲಸ ಆಗುವುದಿಲ್ಲ.

ಬಸವನಗುಡಿಯ ಮಗಳು ಉತ್ತರ:

ಎಲ್ಲರಿಗೂ ಧನ್ಯವಾದ. ನಿನ್ನೆ ಫೋನ್ ಮಾಡಿದೆ. ಬುಕಿಂಗ್‌ನವರು ಮೊದಲು ಸತಾಯಿಸಿದರು, ಸಂಜೆ ವೈದ್ಯರೇ ಕರೆ ಮಾಡಿದರು. ಅಮ್ಮ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿರುವುದನ್ನು ಕೇಳಿ, ವಿರೇಚನವನ್ನು ತಾವು ಮಾಡುವುದಿಲ್ಲ, ಮಂಡಿಗೆ ಮಾತ್ರ ಚಿಕಿತ್ಸೆ ಕೊಡುತ್ತೇವೆ ಎಂದರು. ಪ್ಯಾಕೇಜಿನ ಹೆಸರು ಹಾಗೇಕಿದೆ ಎಂದು ಕೇಳಿದ್ದಕ್ಕೆ ಅದನ್ನು ಇಡುವವರು ತಾವಲ್ಲ ಎಂದು ನಕ್ಕರು. ಮನಸ್ಸು ಸ್ವಲ್ಪ ಒಪ್ಪಿದೆ. ಸಕಲೇಶಪುರದ ಮೇಡಂ, ಒಂದು ಅನುಮಾನ: ಅಮ್ಮನಿಗೆ ಇತ್ತೀಚೆಗೆ ಅಂಗಾಲು ಜೋಮು ಹಿಡಿದಂತಿರುತ್ತದೆ. ಬಿಸಿ ಎಣ್ಣೆಗೆ ಇದರಿಂದ ತೊಂದರೆಯೇ?

ಸಕಲೇಶಪುರದ ವೈದ್ಯೆ ಉತ್ತರ:

ಆ ವೈದ್ಯರನ್ನು ನಂಬಬಹುದು ಎನಿಸುತ್ತದೆ. ಆದರೆ ಈ ಜೋಮಿನ ಸಂಗತಿಯನ್ನು ಅವರಿಗೆ ಇವತ್ತೇ ತಿಳಿಸಿ. ಸಕ್ಕರೆ ಕಾಯಿಲೆಯಲ್ಲಿ ನರ ಮಂಕಾದರೆ ಬಿಸಿ ತಟ್ಟುವುದೇ ಗೊತ್ತಾಗುವುದಿಲ್ಲ, ಚರ್ಮ ಸುಟ್ಟು ಬೊಬ್ಬೆ ಬಂದ ಮೇಲೆ ನೋಡುತ್ತೇವೆ. ಪಾದದ ಗಾಯ ಇವರಿಗೆ ಬೇಗ ಮಾಯುವುದೂ ಇಲ್ಲ. ಹೊರಡುವ ಮೊದಲು ಬೆಂಗಳೂರಿನಲ್ಲೇ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ವರದಿ ಜೊತೆಗಿಟ್ಟುಕೊಳ್ಳಿ. ಅಲ್ಲಿ ಎಣ್ಣೆಯ ಬಿಸಿಯನ್ನು ಪ್ರತಿ ಸಲ ಚಿಕಿತ್ಸಕಿ ತನ್ನ ಮುಂಗೈ ಮೇಲೆ ನೋಡಿಯೇ ಸುರಿಯಬೇಕು. ಅಮ್ಮನನ್ನು 'ಬಿಸಿ ಸಾಕೇ' ಎಂದು ಕೇಳಿ ಹಾಗೆಯೇ ಮುಂದುವರಿಯಬಾರದು. ಮೊಣಕಾಲಿನಿಂದ ಕೆಳಗೆ ಶಾಖ ಬೇಡ. ಹಬೆಪೆಟ್ಟಿಗೆಯೂ ಬೇಡ. ಬರಿಗಾಲಿನಲ್ಲಿ ಎಲ್ಲಿಯೂ ನಡೆಯುವುದು ಬೇಡ, ಯೋಗದ ಕೋಣೆಯಲ್ಲಿ ಕೂಡ. ಗ್ಲುಕೋಮೀಟರಿನ ಪಟ್ಟಿಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ. ಕೊಡಗಿನ ಮಳೆಯ ತೇವಕ್ಕೆ ಅವು ಕೆಟ್ಟು ತಪ್ಪು ಲೆಕ್ಕ ತೋರಿಸುತ್ತವೆ.