ಪುಸ್ತಕದಂಗಡಿ ಉಳಿಸುವ ಮಕ್ಕಳ ಕಾದಂಬರಿ: ಕತೆ ನಂಬುವ ಹಾಗೆ ಬರಬೇಕು, ಸಲಹೆ ಕೊಡಿ

ಕತೆಗಾರ್ತಿ ಶಿರಸಿ:
ಎಲ್ಲರಿಗೂ ನಮಸ್ಕಾರ. 13-15 ವರ್ಷದವರಿಗೆ ಅಂತ ಒಂದು ತಮಾಷೆ ಕಾದಂಬರಿ ಬರೆಯುತ್ತಿದ್ದೇನೆ. ಊರು ಶಿರಸಿ. ಪೇಟೆಯಲ್ಲಿ ಅಜ್ಜನ ಕಾಲದ ಒಂದು ಪುಸ್ತಕದಂಗಡಿ ಇದೆ, ಇನ್ನೇನು ಮುಚ್ಚುತ್ತದೆ ಅನ್ನುವಾಗ ನಾಲ್ಕು ಜನ ಮಕ್ಕಳು ಸೇರಿ ಉಳಿಸಲು ಹೊರಡುತ್ತಾರೆ. ಈಗಿನ ಕರಡಿನಲ್ಲಿ ಒಬ್ಬ ಬಿಲ್ಡರ್ ಬರುತ್ತಾನೆ, ಮಾಲ್ ಕಟ್ಟುತ್ತೇನೆ ಅನ್ನುತ್ತಾನೆ, ಮಕ್ಕಳು ವಿಡಿಯೋ ಮಾಡುತ್ತಾರೆ, ಅದು ವೈರಲ್ ಆಗಿ ದುಡ್ಡು ಬಂದು ಬೀಳುತ್ತದೆ. ಓದಿದ ಗೆಳತಿ ಆಕಳಿಸಿದಳು. ನಿಜವಾಗಿ ಪುಸ್ತಕದಂಗಡಿ ಯಾಕೆ ಮುಚ್ಚುತ್ತದೆ? ಮಕ್ಕಳ ಕೈಲಿ ಆಗುವಂಥದ್ದು ಏನಿದೆ? ನಗು ಇರಲೇಬೇಕು, ಅಳಿಸುವ ಕತೆ ಬೇಡ.

ಕೌಂಟರ್ ಹಿಂದಿನವ:
ಮೊದಲು ಆ ಬಿಲ್ಡರನ್ನು ಓಡಿಸಿ ಮೇಡಂ. ಬೆಂಗಳೂರಿನ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು, ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ. ಎರಡನ್ನೂ ಪ್ರೀತಿಸುವ ಗಿರಾಕಿಗಳು ಬೇಕಾದಷ್ಟಿದ್ದರು. ಮಾಲೀಕರಿಗೆ ವಯಸ್ಸಾಗುತ್ತದೆ, ಬಾಡಿಗೆ ಏರುತ್ತದೆ, ಮಕ್ಕಳು ಬೇರೆ ಕೆಲಸ ಹಿಡಿದಿರುತ್ತಾರೆ, ಬಹಳ ಕಡೆ ಕತೆ ಇಷ್ಟೇ.

ಲೆಕ್ಕ ಹೇಳುತ್ತೇನೆ, ಕಾದಂಬರಿಗೆ ಬೇಕಾಗುತ್ತದೆ. 150 ರೂಪಾಯಿ ಪುಸ್ತಕ ಮಾರಿದರೆ ಅಂಗಡಿಗೆ ಸಿಗುವುದು ಸುಮಾರು 45 ಅಂತ ಇಟ್ಟುಕೊಳ್ಳಿ. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ. ಬಾಡಿಗೆ 15 ಸಾವಿರ ಅಂದರೂ ಅದಕ್ಕೇ ತಿಂಗಳಿಗೆ ಮುನ್ನೂರಕ್ಕೂ ಹೆಚ್ಚು ಪುಸ್ತಕ ಹೋಗಬೇಕು. ಇದರ ಮೇಲೆ ಗಿರಾಕಿ ಡಿಸ್ಕೌಂಟ್ ಕೇಳುತ್ತಾರೆ, ನವೆಂಬರ್ ಬಂದರೆ ರಾಜ್ಯೋತ್ಸವದ ರಿಯಾಯಿತಿ ಬೇರೆ. ನಿಮ್ಮ ನಾಲ್ವರಲ್ಲಿ ಗಣಿತದಲ್ಲಿ ದಡ್ಡ ಅನ್ನಿಸಿಕೊಂಡವನೇ ಈ ಲೆಕ್ಕ ಬಿಡಿಸಲಿ. ಸಣ್ಣ ಊರಿನ ಅಂಗಡಿಯನ್ನು ಕಾಪಾಡುವುದು ಜೂನ್ ತಿಂಗಳು: ನೋಟ್‌ಬುಕ್ಕು, ಗೈಡು, ಬೈಂಡ್ ಹಾಕುವ ಬ್ರೌನ್ ಪೇಪರು. ಕತೆ ಪುಸ್ತಕ ಅವುಗಳ ನೆರಳಲ್ಲಿ ಬದುಕಿರುತ್ತದೆ.

ನಗುವಿಗೆ ಒಂದು ಐಡಿಯಾ. ಪ್ರೀಮಿಯರ್‌ನಲ್ಲಿ ಎಲ್ಲಿ ನೋಡಿದರೂ ಪುಸ್ತಕದ ರಾಶಿ, ಕೆಳಗಿನದನ್ನು ಎಳೆದರೆ ಮೇಲಿನದು ಬೀಳುತ್ತಿತ್ತು. ಆದರೆ ಯಾವುದು ಎಲ್ಲಿದೆ ಅಂತ ಮಾಲೀಕರಾದ ಶಾನಭಾಗರಿಗೆ ಬಾಯಿಪಾಠ. ನಿಮ್ಮ ಮಕ್ಕಳು ಉಪಕಾರ ಮಾಡಲು ಹೋಗಿ ಇಡೀ ಅಂಗಡಿಯನ್ನು ಅಕಾರಾದಿಯಲ್ಲಿ ನೀಟಾಗಿ ಜೋಡಿಸಿಬಿಡಲಿ. ಮರುದಿನದಿಂದ ಅಜ್ಜನಿಗೆ ಒಂದು ಪುಸ್ತಕವೂ ಸಿಗುವುದಿಲ್ಲ!

ಕತೆಗಾರ್ತಿ ಶಿರಸಿ:
ಅಯ್ಯೋ, ಅಕಾರಾದಿ ಸೀನು ಇವತ್ತೇ ಬರೆಯುತ್ತೇನೆ. ಆದರೆ ಕೊನೆಗೆ ಅಂಗಡಿ ಉಳಿಯುವುದು ಹೇಗೆ?

ಧಾರವಾಡದ ಓದುಗ:
ನಮ್ಮ ಕಡೆ ಬಂದು ನೋಡ್ರಿ. ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿದ್ದು, ಸುಭಾಸ ರಸ್ತೆಯ ಅದರ ಅಟ್ಟ ಸಾಹಿತಿಗಳಿಗೆಲ್ಲ ಗೊತ್ತಿರುವ ಜಾಗ. ಅದು ಪ್ರಕಾಶನ, ಬರೀ ಅಂಗಡಿ ಅಲ್ಲ, ಆದರೂ ಅದರ ಚಂದಾದಾರರ ಪದ್ಧತಿ ನಿಮ್ಮ ಮಕ್ಕಳಿಗೆ ಹೊಂದುತ್ತದೆ. ಓದುಗರು ಮೊದಲೇ ದುಡ್ಡು ಕೊಡುತ್ತಾರೆ, ಆಮೇಲೆ ವರ್ಷದಲ್ಲಿ ಇಷ್ಟು ಪುಸ್ತಕ ಮನೆಗೆ ಬರುತ್ತವೆ. ಮಕ್ಕಳು ಓಣಿ ಓಣಿ ತಿರುಗಿ ಚಂದಾ ಎತ್ತಲಿ. ಗಣಪತಿ ಪಟ್ಟಿ ಅಂತ ತಿಳಿದು ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಅಲ್ಲೇ ಒಂದು ಅಧ್ಯಾಯ ಆಯಿತು.

ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ನಿಮ್ಮೂರಲ್ಲಿ ಮಾರಿಜಾತ್ರೆ ಆಗುತ್ತದಲ್ಲ, ಅಲ್ಲೊಂದು ಪುಸ್ತಕದ ಮಳಿಗೆ ಹಾಕಿಸಿ. ಒಂದು ಕಡೆ ಬಳೆ ಅಂಗಡಿ, ಇನ್ನೊಂದು ಕಡೆ ಮಿರ್ಚಿ ಭಜಿ, ಭಜಿಯವ ಕಾಗದ ಖಾಲಿಯಾಯಿತು ಅಂತ ಇವರ ಕಡೆ ನೋಡುತ್ತಾನೆ! ಒಂದೇ ಸಲಕ್ಕೆ ಅಂಗಡಿ ಉಳಿಸಬೇಡಿ. ಮುಂದಿನ ಜೂನ್ ತನಕ ತಳ್ಳಿದರೆ ಸಾಕು.

ಒಂಬತ್ತನೇ ಬಿ:
ಅಕ್ಕ, ನಾನು ಒಂಬತ್ತನೇ ಕ್ಲಾಸು, ಶಿರಸಿ ಹತ್ತಿರದವಳೇ. ಜಾತ್ರೆ ಎರಡು ವರ್ಷಕ್ಕೊಮ್ಮೆ ಮಾತ್ರ, ಅದೂ ಫೆಬ್ರವರಿ-ಮಾರ್ಚ್ ಹೊತ್ತಿಗೆ. ನಿಮ್ಮ ಮಕ್ಕಳು ಹತ್ತನೇ ಕ್ಲಾಸಾದರೆ ಪ್ರಿಪರೇಟರಿ ಪರೀಕ್ಷೆ ಇರುತ್ತದೆ, ಯಾವ ಅಮ್ಮನೂ ಮಳಿಗೆಯಲ್ಲಿ ಕೂರಲು ಬಿಡುವುದಿಲ್ಲ. ಒಂಬತ್ತನೇ ಕ್ಲಾಸು ಮಾಡಿ. ಸುಮ್ನೆ ಎಲ್ಲರ ಕೈಗೂ ಫೋನ್ ಕೊಡಬೇಡಿ, ನಮ್ಮ ಗ್ಯಾಂಗಿನಲ್ಲಿ ಇರುವುದು ಒಬ್ಬಳಿಗೇ, ಅದೂ ಅವಳ ಅಣ್ಣನ ಹಳೇದು, ಚಾರ್ಜ್ ನಿಲ್ಲುವುದಿಲ್ಲ. ಮಕ್ಕಳು ಜಗಳವಾಡಲಿ, ಯಾರು ಗಲ್ಲೆಯಲ್ಲಿ ಕೂರಬೇಕು ಅಂತಲೇ ಅರ್ಧ ದಿನ ಹೋಗುತ್ತದೆ. ಮತ್ತೆ ಪುಸ್ತಕದ ಬೆಲೆ 150 ದಾಟಿಸಬೇಡಿ, ಅದಕ್ಕಿಂತ ಜಾಸ್ತಿ ಆದರೆ ನಾವು ಲೈಬ್ರರಿಯಲ್ಲೇ ಓದುವುದು.